ಕಿರುಕುಳಕ್ಕೆ ಪ್ರಾಸ ಸಿಗಲಿಲ್ಲ

ಮೊನ್ನೆ ಸಿಡ್ನಿಯ ರೌಸ್ ಹಿಲ್‌ನ ಹಳೇ ಸಾಮಾನಿನ ಅಂಗಡಿಯಲ್ಲಿ ನನ್ನ ಹೆಂಡತಿ ಗಿರಿಜ ಗಾಜಿನ ಬಟ್ಟಲುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಪರೀಕ್ಷೆ ಮಾಡುತ್ತಿದ್ದಳು. ಅವಳು ಒಂದು ಬಟ್ಟಲನ್ನು ಪಾಸು ಮಾಡುವಷ್ಟರಲ್ಲಿ ನಮ್ಮ ಕಾಲದ ಒಬ್ಬ ಹುಡುಗ ಎಸೆಸ್ಸೆಲ್ಸಿ ಪಾಸಾಗಿಬಿಡಬಹುದಿತ್ತು. ನಾನು ಹೊತ್ತು ಕಳೆಯಲು ಹಿಂದಿನ ಕಪಾಟಿನತ್ತ ಹೋದೆ. ಅಲ್ಲಿ ಸುಟ್ಟ ಟೋಸ್ಟರುಗಳ ನಡುವೆ ಒಂದು ದೊಡ್ಡ ಹೆಡ್‌ಫೋನ್ ಬಿದ್ದಿತ್ತು. ಸುರುಳಿ ಸುರುಳಿಯಾದ ವೈರು, ಕಿವಿಯ ಮೇಲೆ ಕೂರುವ ಕಪ್ಪು ಸ್ಪಂಜು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ತಲೆಗೇರಿಸಿದೆ.

ಹಳೇ ಸ್ಪಂಜಿನ ವಾಸನೆ ನಿಮಗೆ ಗೊತ್ತಿರಬಹುದು. ಧೂಳು, ಬೆವರು, ಯಾರದೋ ತಲೆಯ ಎಣ್ಣೆ, ಬಿಸಿಯಾದ ರಬ್ಬರು, ಎಲ್ಲ ಸೇರಿ ಮುಚ್ಚಿದ ಕೋಣೆಯ ವಾಸನೆಯಾಗಿರುತ್ತದೆ. ಹೆಡ್‌ಫೋನ್ ತೆಗೆದಾಗ ಸ್ಪಂಜು ಪುಡಿಪುಡಿಯಾಗಿ ನನ್ನ ಕಿವಿಯಲ್ಲೇ ಉಳಿಯಿತು.

"ಏನ್ರೀ ಅದು, ಕಿವಿಗೆ ಇದ್ದಿಲು ಹಚ್ಕೊಂಡೀರಿ?" ಎಂದಳು ಗಿರಿಜ.

ಅಂಗಡಿಯ ಕನ್ನಡಿಯಲ್ಲಿ ನೋಡಿಕೊಂಡೆ. ಎರಡೂ ಕಿವಿ ಕಪ್ಪಾಗಿ, ಕಳ್ಳತನ ಮಾಡಿ ಸಿಕ್ಕಿಬಿದ್ದವನಂತೆ ಕಾಣುತ್ತಿದ್ದೆ. ಮನೆಗೆ ಬಂದು ಸೋಪು ಹಾಕಿ ತೊಳೆದರೂ ಆ ವಾಸನೆ ಮೂಗಿನಿಂದ ಹೋಗಲಿಲ್ಲ.

ನಿಮ್ಮಲ್ಲಿ ಕೆಲವರು ನನ್ನನ್ನು 'ರೇಡಿಯೋ ಅಂಕಲ್' ಎಂದೇ ಬಲ್ಲಿರಿ. ಇಂದಿನ ಹುಡುಗರಿಗೆ ಅದರ ಅರ್ಥ ಗೊತ್ತಿಲ್ಲ. ನಾನು ರೇಡಿಯೋ ರಿಪೇರಿ ಮಾಡುತ್ತಿದ್ದೆನೆಂದು ತಿಳಿದಿದ್ದಾರೆ. ತೊಂಬತ್ತರ ದಶಕದಲ್ಲಿ ಸಿಡ್ನಿಯ ಪಶ್ಚಿಮದ ಒಂದು ಪುಟ್ಟ ಸಮುದಾಯ ರೇಡಿಯೋದಲ್ಲಿ ಭಾನುವಾರದ ಬೆಳಗ್ಗೆ ಒಂದು ಗಂಟೆ ಕನ್ನಡ ಕಾರ್ಯಕ್ರಮ ಬರುತ್ತಿತ್ತು. ಬೂಟಿನಂಗಡಿಯ ಮಹಡಿಯ ಮೇಲೆ ಸ್ಟುಡಿಯೋ. ನಮಗಿಂತ ಮುಂಚೆ ಮಾಲ್ಟಾದವರು, ನಮ್ಮ ನಂತರ ಕ್ರೊವೇಷಿಯದವರು. ಹೆಡ್‌ಫೋನ್ ಮಾತ್ರ ಎಲ್ಲರಿಗೂ ಒಂದೇ. ಆ ಒಂದು ಗಂಟೆಯಲ್ಲಿ ವಾರ್ತೆ ಓದುತ್ತಿದ್ದವನು ನಾನು.

ನಾನು ಹೇಗೆ ವಾರ್ತೆ ಓದುವವನಾದೆ ಎನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ದಾವಣಗೆರೆಯಲ್ಲಿ ಹೈಸ್ಕೂಲು ಮುಗಿಸಿದ ಮೇಲೆ ಓದು ನನ್ನನ್ನೂ ನಾನು ಓದನ್ನೂ ಪರಸ್ಪರ ಒಪ್ಪಿಗೆಯಿಂದ ಬಿಟ್ಟೆವು. ಸೋದರಮಾವನದ್ದೊಂದು ಮೈಕ್‌ಸೆಟ್ ಅಂಗಡಿ ಇತ್ತು. ಜಟಕಾಗಾಡಿಯಲ್ಲಿ ಮೈಕು ಹಿಡಿದು ಕೂತು ಊರೆಲ್ಲ ಸುತ್ತುತ್ತಾ ಹೊಸ ಸಿನಿಮಾ, ಸೀರೆ ಅಂಗಡಿಯ ರಿಯಾಯಿತಿ, ನಾಟಕ ಕಂಪನಿಯ ಕೊನೆಯ ಪ್ರಯೋಗ ಎಲ್ಲವನ್ನೂ ಸಾರುವುದು ನನ್ನ ಕೆಲಸ. "ಬನ್ನಿರಿ, ನೋಡಿರಿ, ನಾಳೆಗೆ ದೂಡದಿರಿ!" ಮಾವ ಒಂದು ಪಾಠ ಹೇಳಿಕೊಟ್ಟಿದ್ದ: "ಜನ ನಿಂತು ಕೇಳ್ಬೇಕು ಅಂದ್ರೆ ಪ್ರಾಸ ಬೇಕಲೇ. ನಿಜ ಸುಳ್ಳು ಆಮೇಲೆ ನೋಡ್ಕಳಾನ." ನಾಟಕ ಕಂಪನಿಯ ಕೊನೆಯ ಪ್ರಯೋಗವನ್ನು ನಾನು ಒಂದು ಬೇಸಿಗೆಯಿಡೀ ಸಾರಿದ್ದೇನೆ.

ಎಂಬತ್ತರ ದಶಕದ ಕೊನೆಯಲ್ಲಿ ಗಿರಿಜಳಿಗೆ ಸಿಡ್ನಿಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಅವಳ ಸೆರಗು ಹಿಡಿದು ನಾನೂ ಬಂದೆ. ವೆಸ್ಟ್‌ಮೀಡ್ ಸ್ಟೇಷನ್ನಿನ ಹತ್ತಿರ ಒಂದು ಬಾಡಿಗೆ ಫ್ಲಾಟು. ರೈಲು ಹೋದಾಗಲೆಲ್ಲ ಪಾತ್ರೆಗಳು ತಾವೇ ಮಾತಾಡಿಕೊಳ್ಳುತ್ತಿದ್ದವು. ನನಗೆ ಬ್ರೆಡ್ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಕನ್ನಡ ಕೂಟಕ್ಕೆ ಹೋದರೆ ಅಲ್ಲಿ ಬರೀ ಡಾಕ್ಟರು, ಇಂಜಿನಿಯರು, ಪ್ರೊಫೆಸರು.

"ನೀವು ಯಾವ ಫೀಲ್ಡ್?"

"ಬ್ರೆಡ್ ಸಾರ್."

"ಓ, ಫುಡ್ ಟೆಕ್ನಾಲಜಿ! ವೆರಿ ಗುಡ್."

ನಾನೂ ಹೌದೆಂದು ತಲೆಯಾಡಿಸುತ್ತಿದ್ದೆ. ಗಿರಿಜ ಪಕ್ಕದಲ್ಲಿ ಚಟ್ನಿಯೊಳಗೆ ನಗುತ್ತಿದ್ದಳು.

ನನ್ನನ್ನು ಆ ಮುಜುಗರದಿಂದ ಮೇಲೆತ್ತಿದವರು ಕೂಟದ ಅಧ್ಯಕ್ಷರು. ಅವರ ಹೆಸರು ಬೇಡ. ಆ ಕಾಲದಲ್ಲಿ ಹೆಸರು ಹಿಡಿದು ಕರೆಯುವವರೂ ಇರಲಿಲ್ಲ. ಅವರ ಮನೆಯಾಕೆಯೂ ಫೋನಿನಲ್ಲಿ "ಅಧ್ಯಕ್ಷರು ಸ್ನಾನಕ್ಕೆ ಹೋಗಿದಾರೆ" ಎನ್ನುತ್ತಿದ್ದರು. ಒಳ್ಳೆಯ ಕೆಲಸದಲ್ಲಿದ್ದ ಇಂಜಿನಿಯರು. ಹೊಸದಾಗಿ ಬಂದವರನ್ನು ಏರ್‌ಪೋರ್ಟಿನಿಂದ ಕರೆತರುವುದು, ಬಾಡಿಗೆ ಮನೆಗೆ ಶಿಫಾರಸು ಮಾಡುವುದು, ಪಿಆರ್, ಅಂದರೆ ಕಾಯಂ ವಾಸದ ಅರ್ಜಿಗೆ ಸಹಿ ಹಾಕುವುದು, ಎಲ್ಲ ಅವರೇ. ಅವರ ಬಿಳಿ ಸ್ಟೇಷನ್ ವ್ಯಾಗನ್ ಕಾರಿನಲ್ಲಿ ಕೂರದ ಕನ್ನಡಿಗ ಆಗ ಸಿಡ್ನಿಯಲ್ಲಿ ಇರಲಿಲ್ಲ. ನಮ್ಮ ಹಾಸಿಗೆಯೂ ಅದರಲ್ಲೇ ಬಂದದ್ದು. ಇದನ್ನೆಲ್ಲ ಹೇಳಲೇಬೇಕು, ಏಕೆಂದರೆ ಇದೂ ನಿಜ.

ಒಂದು ಗಣೇಶ ಹಬ್ಬದಲ್ಲಿ ಕಳೆದುಹೋದ ಮಗುವಿನ ಬಗ್ಗೆ ನಾನು ಮೈಕಿನಲ್ಲಿ ಸಾರಿದ್ದನ್ನು ಕೇಳಿ ಅವರು ನನ್ನ ಭುಜ ತಟ್ಟಿದರು. "ಎಂಥಾ ಕನ್ನಡ ಮಾರಾಯ್ರೇ! ನಾವೆಲ್ಲ ಒಂದು ಸೆಂಟೆನ್ಸ್‌ನಲ್ಲಿ ನಾಲ್ಕು ಇಂಗ್ಲಿಷ್ ಹಾಕ್ತೀವಿ. ರೇಡಿಯೋ ನ್ಯೂಸ್ ನೀವೇ ಓದ್ಬೇಕು." ಬ್ರೆಡ್ಡಿನವನಿಗೆ ಸಿಂಹಾಸನ ಸಿಕ್ಕಂತಾಯಿತು.

ಕಾರ್ಯಕ್ರಮದಲ್ಲಿ ನನ್ನ ಜೊತೆಗಿದ್ದವರು ಕುಮುದ. ಮೈಸೂರಿನವರು, ಮೂವತ್ತರ ಆಸುಪಾಸು, ಒಂದು ಪರೀಕ್ಷಾಲಯದಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಮದುವೆ ಮುರಿದುಕೊಂಡು ಒಬ್ಬರೇ ಬಂದಿದ್ದರು. ಆ ಸಂಗತಿಯನ್ನು ಅವರು ಒಮ್ಮೆ ಹೇಳಿದ್ದರೆ ಉಳಿದವರು ಅದನ್ನು ವಾರವಾರವೂ ಹೇಳುತ್ತಿದ್ದರು. ವಾರ್ತೆಯ ನಂತರ ಅವರದು ಆರೋಗ್ಯದ ಮಾತು. ಒಳ್ಳೆಯ ನಗು, ಚೂಪು ನಾಲಿಗೆ. ನಾನು ವಾರ್ತೆಯನ್ನು ಜಟಕಾಗಾಡಿಯ ಧಾಟಿಯಲ್ಲಿ ಎತ್ತಿದರೆ ಗಾಜಿನ ಆಚೆಯಿಂದ ಕೈಯಲ್ಲೇ ಕುದುರೆ ಓಡಿಸಿ ತೋರಿಸುತ್ತಿದ್ದರು.

ವಾರ್ತೆ ಎಂದರೆ ಏನು? ಶನಿವಾರದ ಇಂಗ್ಲಿಷ್ ಪತ್ರಿಕೆಯನ್ನು ಎದುರಿಗಿಟ್ಟುಕೊಂಡು ಅಡುಗೆಮನೆಯ ಮೇಜಿನ ಮೇಲೆ ಕನ್ನಡಕ್ಕೆ ತಿರುಗಿಸುವುದು. ಗೊತ್ತಿಲ್ಲದ ಪದಕ್ಕೆ ಗಿರಿಜಳನ್ನು ಕೇಳುವುದು, ಅವಳಿಗೂ ಗೊತ್ತಿಲ್ಲದಿದ್ದರೆ ಆ ಸುದ್ದಿಯನ್ನೇ ಬಿಡುವುದು. ಹೀಗೆ ಜಗತ್ತಿನ ಅನೇಕ ಮಹತ್ವದ ಘಟನೆಗಳು ಸಿಡ್ನಿಯ ಕನ್ನಡಿಗರ ಪಾಲಿಗೆ ನಡೆಯಲೇ ಇಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಮೆರಿಕದಲ್ಲಿ ಒಬ್ಬ ನ್ಯಾಯಾಧೀಶರನ್ನು ಅಲ್ಲಿನ ಅತ್ಯುನ್ನತ ನ್ಯಾಯಾಲಯಕ್ಕೆ ನೇಮಿಸಲು ಹೊರಟಿದ್ದರು. ಹಿಂದೆ ಅವರ ಕೈಕೆಳಗೆ ಕೆಲಸ ಮಾಡಿದ್ದ, ಈಗ ಕಾನೂನು ಕಲಿಸುತ್ತಿದ್ದ ಮಹಿಳೆಯೊಬ್ಬರು ಮುಂದೆ ಬಂದು ಆಪಾದನೆ ಮಾಡಿದರು. ನ್ಯಾಯಾಧೀಶರು ಎಲ್ಲವನ್ನೂ ಅಲ್ಲಗಳೆದರು. ವಿಚಾರಣೆಯನ್ನು ಟೀವಿಯಲ್ಲಿ ತೋರಿಸಿದರು. ಒಂದು ಕಡೆ ಉದ್ದ ಮೇಜಿನ ಹಿಂದೆ ಸಾಲಾಗಿ ಗಂಡಸರು. ಎದುರಿಗೆ ನೀರಿನ ಲೋಟದ ಮುಂದೆ ಆಕೆ ಒಬ್ಬರೇ. ಆಕೆ ಮೆಲ್ಲಗೆ ಉತ್ತರ ಹೇಳುತ್ತಿದ್ದರು, ಗಂಡಸರು ಅದನ್ನೇ ಮತ್ತೆ ಮತ್ತೆ ಹೇಳಿಸುತ್ತಿದ್ದರು. ನಮಗೆ ಅದೊಂದು ತಮಾಷೆಯ ಧಾರಾವಾಹಿಯಂತಿತ್ತು. ಗಿರಿಜ ಮಾತ್ರ ಅದು ಬಂದಾಗ ಎದ್ದು ಹೋಗಿ ಇಸ್ತ್ರಿ ಮಾಡುತ್ತಿದ್ದಳು.

ಪತ್ರಿಕೆಯಲ್ಲಿದ್ದ ಪದ 'ಸೆಕ್ಷುಯಲ್ ಹರಾಸ್‌ಮೆಂಟ್'. ಮೊದಲ ಪದ ಗೊತ್ತು, ಎರಡನೆಯದು ಗೊತ್ತಿಲ್ಲ. ಅಂದು ಗಿರಿಜ ಡ್ಯೂಟಿಯಲ್ಲಿದ್ದಳು. ಫ್ಯಾಕ್ಟರಿಯಲ್ಲಿ ನನ್ನ ಪಕ್ಕ ನಿಲ್ಲುತ್ತಿದ್ದ ಗ್ರೀಸ್ ದೇಶದ ಮುದುಕಿ ಮರಿಯಾಳನ್ನು ಕೇಳಿದೆ. ಅವಳ ಇಂಗ್ಲಿಷ್ ನನ್ನದರ ಮಟ್ಟದ್ದೇ, ಆದ್ದರಿಂದ ಚೆನ್ನಾಗಿ ಅರ್ಥವಾಗುತ್ತಿತ್ತು. ಬ್ರೆಡ್ಡಿನ ಪೊಟ್ಟಣ ಕೈಯಲ್ಲಿ ಹಿಡಿದು ಒಂದು ಗಳಿಗೆ ಯೋಚಿಸಿ ಹೇಳಿದಳು: ನೀನು ಬೇಡ ಅಂತೀಯ, ಅವನು ಬಿಡಲ್ಲ. ಅಷ್ಟೇ.

ಅಷ್ಟೇ! ಇದಕ್ಕಿಂತ ಸರಿಯಾದ ಅರ್ಥ ಯಾವ ನಿಘಂಟಿನಲ್ಲೂ ಇರಲಾರದು. ಕನ್ನಡದಲ್ಲಿ ಪದ ಇರಲಿಲ್ಲವೇ? ಇತ್ತು. ಊರಿನ ಪತ್ರಿಕೆಗಳಲ್ಲಿ ವರದಕ್ಷಿಣೆ ಕಿರುಕುಳ ಎಂದು ದಿನವೂ ಓದಿ ಬೆಳೆದವನು ನಾನು. 'ಕಿರುಕುಳ' ಎಂದು ಬರೆದೂ ಇದ್ದೆ. ಬರೆದು ಜೋರಾಗಿ ಓದಿ ನೋಡಿದೆ. ಸಪ್ಪೆ ಅನ್ನಿಸಿತು. ಮಾವನ ಪಾಠ ನೆನಪಾಯಿತು. ಕಿರುಕುಳಕ್ಕೆ ಪ್ರಾಸ ಸಿಗಲಿಲ್ಲ. ಹೊಡೆದು ಹಾಕಿ ಇನ್ನೊಂದು ಬರೆದೆ. ಭಾನುವಾರ ಬೆಳಗ್ಗೆ ಸ್ಪಂಜಿನ ಹೆಡ್‌ಫೋನ್ ಹಾಕಿಕೊಂಡು ಗಂಟಲು ಸರಿಮಾಡಿಕೊಂಡು ಸಾರಿದೆ:

"ನ್ಯಾಯಾಧೀಶರ ಸರಸ, ಸೆನೆಟ್ಟಿನಲ್ಲಿ ವಿರಸ!"

ನೋಡಿ, ಈಗ ಬರೆಯುವಾಗಲೂ ಕೈ ಒಂದಿಷ್ಟು ಖುಷಿ ಪಡುತ್ತದೆ. ಕೆಟ್ಟ ಕೆಲಸದಲ್ಲೂ ಕಸಬುದಾರಿಕೆ ಇರುತ್ತದಲ್ಲ, ಅದೇ ತೊಂದರೆ.

ಆ ಸಾಲು ಸಿಡ್ನಿಯ ಕನ್ನಡಿಗರ ಬಾಯಿಗೆ ಹತ್ತಿತು. ಊಟದ ಸಾಲಿನಲ್ಲಿ ಡಾಕ್ಟರುಗಳು ನನ್ನನ್ನು ನಿಲ್ಲಿಸಿ ಕೇಳುತ್ತಿದ್ದರು, "ಏನ್ರೀ, ಈ ವಾರ ಯಾರ ಸರಸ?" ಆಮೇಲಿನ ವರ್ಷಗಳಲ್ಲಿ ಅಮೆರಿಕವೂ ನನಗೆ ಸಾಕಷ್ಟು ಸಾಮಗ್ರಿ ಒದಗಿಸಿತು. ಹಲವು ಮಹಿಳೆಯರು ಆಪಾದನೆ ಮಾಡಿದ್ದರಿಂದ ಒಬ್ಬ ಸೆನೆಟರು ರಾಜೀನಾಮೆ ಕೊಟ್ಟಾಗಲೂ ನನ್ನದು ಅದೇ ಸರಸ, ಅದೇ ವಿರಸ. ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. "ಈ ಅಮೆರಿಕದೋರಿಗೆ ಬೇರೆ ಕೆಲಸ ಇಲ್ವೇನ್ರೀ? ಒಂದು ತಮಾಷೆ ಮಾಡಿದ್ರೂ ಕೋರ್ಟಿಗೆ ಹೋಗ್ತಾರೆ."

ನಗದೇ ಇದ್ದವರು ಕುಮುದ. ಮೊದಲ ದಿನವೇ ಸ್ಟುಡಿಯೋದ ಮೆಟ್ಟಿಲಿಳಿಯುವಾಗ ನಿಲ್ಲಿಸಿದರು.

"ಸರಸ ಅಂತ ಯಾಕೆ ಓದಿದ್ರಿ?"

"ಕೇಳೋಕೆ ಚೆನ್ನಾಗಿರುತ್ತಲ್ಲಮ್ಮ."

"ಯಾರಿಗೆ?"

ನಾನು ನಕ್ಕೆ. ಅವರು ನಗಲಿಲ್ಲ. "ಸರಸ ಅಂದ್ರೆ ಇಬ್ರಿಗೂ ಇಷ್ಟ ಇರ್ಬೇಕು ಕಣ್ರೀ. ಆಯಮ್ಮ ಹೇಳ್ತಿರೋದು ಅದಲ್ಲ. ನಿಮ್ ಕನ್ನಡ ಅಷ್ಟು ಚೆನ್ನಾಗಿದೆ ಅಂತಾರೆ, ಒಂದು ಪದ ಹುಡುಕೋಕಾಗಲ್ವಾ?"

"ಕನ್ನಡದಲ್ಲಿ ಇದಕ್ಕೆ ಪದ ಇಲ್ಲಮ್ಮ" ಎಂದೆ. ಹೊಡೆದು ಹಾಕಿದ ಪದ ನನ್ನ ಜೇಬಿನಲ್ಲೇ ಇತ್ತು.

ಅವರು ಆ ದಿನ ಅಧ್ಯಕ್ಷರ ಕಾರು ಹತ್ತಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಅಧ್ಯಕ್ಷರು ನಮ್ಮನ್ನೆಲ್ಲ ಮನೆಗೆ ಬಿಡುವುದು ರೂಢಿಯಾಗಿತ್ತು. ಮೊದಲು ನನ್ನನ್ನು ಇಳಿಸಿ ಕೊನೆಗೆ ಕುಮುದರನ್ನು. ಅವರ ಫ್ಲಾಟು ನನ್ನದಕ್ಕಿಂತ ಹತ್ತಿರ ಎನ್ನುವುದನ್ನು ನಾನು ಗಮನಿಸಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಗಮನಿಸಿದ್ದೆ. ಬೆಚ್ಚಗೆ ಕಾರಿನಲ್ಲಿ ಕೂತವನಿಗೆ ಅದು ಪ್ರಶ್ನೆ ಎನ್ನಿಸಲಿಲ್ಲ. ಆ ದಿನದಿಂದ ಅವರು ಭಾನುವಾರದ ಅಪರೂಪದ ರೈಲಿಗಾಗಿ ಪ್ಲಾಟ್‌ಫಾರ್ಮಿನಲ್ಲಿ ಕಾಯತೊಡಗಿದರು. ಚಳಿಗಾಲದಲ್ಲಿ ಗಾಳಿ ಕಿವಿ ಕತ್ತರಿಸುವಂತಿರುತ್ತಿತ್ತು. ಕಾರಿನಿಂದ ನಾನು ಕೈ ಬೀಸುತ್ತಿದ್ದೆ, ಅವರೂ ಬೀಸುತ್ತಿದ್ದರು.

ಕೂಟದ ವಾರ್ಷಿಕ ಸಭೆ ಒಂದು ಶಾಲೆಯ ಹಾಲಿನಲ್ಲಿ ನಡೆಯಿತು. ಸಾಮಾನ್ಯವಾಗಿ ಆ ಸಭೆಯ ದೊಡ್ಡ ಚರ್ಚೆ ಯುಗಾದಿಗೆ ಹೋಳಿಗೆಯೋ ಜಾಮೂನೋ ಎನ್ನುವುದು. ಅದಕ್ಕೆ ಮುಂಚೆ, ಅಧ್ಯಕ್ಷರು ಇನ್ನೊಂದು ಅವಧಿಗೆ ಮುಂದುವರಿಯಲಿ ಎಂದು ಯಾರೋ ಹೇಳಿ ಎಲ್ಲರೂ ಚಪ್ಪಾಳೆ ತಟ್ಟುವ ಹೊತ್ತಿಗೆ ಕುಮುದ ಎದ್ದು ನಿಂತರು.

"ನಾನು ಒಪ್ಪಲ್ಲ" ಎಂದರು. ಧ್ವನಿ ಸ್ವಲ್ಪ ನಡುಗುತ್ತಿತ್ತು, ಮಾತು ನಡುಗಲಿಲ್ಲ. "ಕಾರಲ್ಲಿ ಮನೆಗೆ ಬಿಡೋವಾಗ ಇವರು ನನ್ನ ಮೇಲೆ ಕೈ ಹಾಕಿದಾರೆ. ಬೇಡ ಅಂದೆ. ನಕ್ಕು ಮತ್ತೆ ಹಾಕಿದ್ರು. ಕಾರು ಹತ್ತೋದು ಬಿಟ್ಟ ಮೇಲೆ ಮನೆಗೆ ಫೋನ್ ಮಾಡ್ತಾರೆ. ಪಿಆರ್ ಸಹಿ ವಿಷ್ಯ ಜ್ಞಾಪಿಸ್ತಾರೆ. ಹೊಸದಾಗಿ ಬರೋ ಹೆಣ್ಮಕ್ಕಳನ್ನ ಇವರ ಕಾರಲ್ಲಿ ಕಳಿಸ್ಬೇಡಿ. ನಾನು ಕೇಳ್ತಿರೋದು ಅಷ್ಟೇ."

ಎಲ್ಲರೂ ಅಧ್ಯಕ್ಷರ ಮುಖ ನೋಡಿದರು. ಅವರ ಮನೆಯಾಕೆ ಕೈಯಲ್ಲಿದ್ದ ಸ್ಟೀಲು ಡಬ್ಬಿಯ ಮುಚ್ಚಳ ನೋಡುತ್ತಿದ್ದರು. ಒಂದು ಗಳಿಗೆ, ಸತ್ಯವಾಗಿ ಒಂದು ಗಳಿಗೆ, ಆ ಸಭೆ ಯಾವ ಕಡೆಗೆ ಬೇಕಾದರೂ ವಾಲಬಹುದಿತ್ತು.

ಅಧ್ಯಕ್ಷರು ನಕ್ಕರು. "ಏನಮ್ಮಾ ಇದು, ಅಮೆರಿಕದ ಟೀವಿ ಜಾಸ್ತಿ ನೋಡಿದೀಯ ಅಂತ ಕಾಣುತ್ತೆ." ನನ್ನ ಕಡೆ ತಿರುಗಿದರು. "ಎಲ್ರೀ ನಮ್ಮ ರೇಡಿಯೋ? ಇದಕ್ಕೇನಂತೀರಿ ನಿಮ್ಮ ನ್ಯೂಸಲ್ಲಿ? ಹೇಳಿ ನೋಡೋಣ!"

ಸಭೆಯ ಮೈಕು ನನ್ನ ಕೈಯಲ್ಲೇ ಇತ್ತು, ಯಾವಾಗಲೂ ಇರುತ್ತಿತ್ತು. ಅಷ್ಟೂ ಮುಖಗಳು ನನ್ನ ಕಡೆ ತಿರುಗಿದವು. ಡಾಕ್ಟರು, ಇಂಜಿನಿಯರು, ಪ್ರೊಫೆಸರು ಎಲ್ಲರೂ ಬ್ರೆಡ್ಡಿನವನ ಮಾತಿಗೆ ಕಾಯುತ್ತಿದ್ದರು. ನಾನು ಜಟಕಾಗಾಡಿಯ ಧಾಟಿ ಎತ್ತಿದೆ:

"ಸಿಡ್ನಿಯಲ್ಲೂ ಸರಸ, ಸಭೆಯಲ್ಲೀಗ ವಿರಸ!"

ಹಾಲ್ ಬಿರಿಯುವ ಹಾಗೆ ನಗು. ಬಿಗಿದಿದ್ದ ಕಟ್ಟು ಬಿಚ್ಚಿದಂತೆ ಎಲ್ಲರೂ ನಕ್ಕರು, ಪಾಪ, ನಗಬಾರದೆಂದುಕೊಂಡವರೂ ನಕ್ಕರು. ಕುಮುದ ಇನ್ನೂ ನಿಂತಿದ್ದರು. ಅಧ್ಯಕ್ಷರನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಚೀಲ ತೆಗೆದುಕೊಂಡು ಹೊರಗೆ ನಡೆದರು. ಅವರ ಹಿಂದೆಯೇ ಒಬ್ಬರು ಎದ್ದು ಹೋದರು, ಗಿರಿಜ. ಸಭೆ ಮುಂದಿನ ವಿಷಯಕ್ಕೆ ಹೋಯಿತು, ಯುಗಾದಿಗೆ ಜಾಮೂನು ಎಂದು ತೀರ್ಮಾನವಾಯಿತು.

ಗಿರಿಜ ನನ್ನನ್ನು ಬೈಯಲಿಲ್ಲ. ಬೈಯುವ ಹೆಂಗಸಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು! ಊಟ ಬಡಿಸಿ, "ಅನ್ನ ಬೇಕಾ?" ಎಂದಳು. ಬೇಡ ಎಂದೆ. "ಬೇಡ ಅಂದ್ರೆ ಬೇಡ" ಎಂದು ಪಾತ್ರೆ ಎತ್ತಿಕೊಂಡು ಹೋದಳು. ಕೆಲವು ವಾರಗಳ ನಂತರ ಕುಮುದ ಮೆಲ್ಬೋರ್ನಿಗೆ ಹೋದರೆಂದು ತಿಳಿಯಿತು. ಅವರ ಸಾಮಾನು ಕಟ್ಟಲು ಹೋದವಳು ಗಿರಿಜಳೇ ಎಂಬುದು ನನಗೆ ಬಹಳ ಕಾಲ ಗೊತ್ತಾಗಲಿಲ್ಲ.

ಮನುಷ್ಯ ಮರೆಯುತ್ತಾನೆ ಎನ್ನುತ್ತಾರೆ. ನನ್ನ ಅನುಭವದಲ್ಲಿ ಮನುಷ್ಯ ಮರೆಯುವುದಿಲ್ಲ, ಬೇರೆ ಕೆಲಸ ಇಟ್ಟುಕೊಳ್ಳುತ್ತಾನೆ. ಮಗಳ ಶಾಲೆ, ಮಾರ್ಟ್‌ಗೇಜ್, ಹಿತ್ತಲಿನ ಬದನೆಕಾಯಿ. ವಾರ್ತೆ ಓದುತ್ತಲೇ ಇದ್ದೆ. ಒಂದು ಬೇಸಿಗೆಯಲ್ಲಿ ಗಿರಿಜಳ ಸ್ನೇಹಿತೆಯ ಮನೆಯ ಮದುವೆಗೆಂದು ಮೆಲ್ಬೋರ್ನಿಗೆ ಹೋದೆವು. ಮದುವೆಯ ಮಾರನೆಯ ದಿನ, "ಬರ್ರಿ, ಒಂದು ಕಡಿಗೆ ಹೋಗಿ ಬರಾನ" ಎಂದು ಟ್ರಾಮ್ ಹತ್ತಿಸಿದಳು. ಪ್ರೆಸ್ಟನ್ ಎಂಬ ಸಬರ್ಬಿನ ಒಂದು ಇಟ್ಟಿಗೆ ಮನೆಯ ಬಾಗಿಲು ತೆರೆದವರು ಕುಮುದ.

ಚೆನ್ನಾಗಿದ್ದರು. ಅದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಇಂಥ ಕಥೆಗಳಲ್ಲಿ ಹೆಂಗಸು ಬಾಡಿ ಹೋಗಿರಬೇಕೆಂದು ನಾವು ನಿರೀಕ್ಷಿಸುತ್ತೇವೆ. ದೊಡ್ಡ ಪರೀಕ್ಷಾಲಯದಲ್ಲಿ ಮೇಲ್ವಿಚಾರಕಿಯಾಗಿದ್ದರು. ಹಿತ್ತಲಲ್ಲಿ ನಿಂಬೆಗಿಡ, ಅಡುಗೆಮನೆಯಲ್ಲಿ ಬಿಸಿಬೇಳೆಬಾತಿನ ಘಮ. ಫ್ಯಾಕ್ಟರಿಯಲ್ಲಿ ತನ್ನ ಊಟದ ಡಬ್ಬಿ ಹಂಚುತ್ತಿದ್ದ ಮರಿಯಾಳನ್ನು ಬಿಟ್ಟರೆ ಈ ದೇಶದಲ್ಲಿ ನನಗೆ ಅಷ್ಟು ಪ್ರೀತಿಯಿಂದ ಬಡಿಸಿದವರು ಕಡಿಮೆ. ಮೂರು ತುತ್ತು ತಿಂದೆ. ತಟ್ಟೆ ಕೆಳಗಿಟ್ಟು ಎದ್ದು ನಿಂತು ಶುರು ಮಾಡಿದೆ:

"ಅಂದು ಸಭೆಯಲ್ಲಿ ನಡೆದ ಘಟನೆಗೆ ಸಂಬಂಧಿಸಿದಂತೆ ನನ್ನ ಹೃತ್ಪೂರ್ವಕವಾದ..."

"ನ್ಯೂಸ್ ಓದ್ತಿದೀರಾ?" ಎಂದರು ಕುಮುದ. ಗಿರಿಜಳಿಗೆ ನಗು ತಡೆಯಲಾಗಲಿಲ್ಲ. "ಕೂತ್ಕೊಳಿ, ಬಾತ್ ಆರಿ ಹೋಗುತ್ತೆ."

ಕೂತೆ. "ತಪ್ಪಾಯ್ತಮ್ಮ" ಎಂದೆ.

"ಹ್ಞೂಂ, ಆಯ್ತು" ಎಂದರು. ತುಪ್ಪ ಬಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ಹೇಳಿದರು: "ನೋಡಿ, ನಿಮ್ಮ ಮೇಲೆ ನಂಗೆ ಕೋಪ ಇಲ್ಲ. ಇದ್ದಿದ್ರೆ ಖಾರ ಜಾಸ್ತಿ ಹಾಕಿರ್ತಿದ್ದೆ. ಆದ್ರೆ ನನ್ನ ಕಿವೀಲಿ ಹೇಳಿ ಏನ್ ಪ್ರಯೋಜನ? ನಕ್ಕಿದ್ದು ಅವ್ರು. ನಗಿಸಿದ್ದು ನೀವು. ಮೈಕಲ್ಲಿ ಹೇಳಿದ್ದನ್ನ ಮೈಕಲ್ಲೇ ವಾಪಸ್ ತಗೊಳಿ. ಅವ್ರ ಮುಂದೆ ಹೇಳಿ."

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಹೊರಡುವಾಗ ಒಂದು ಚೀಲ ನಿಂಬೆಹಣ್ಣು ಕೊಟ್ಟರು. ಸಿಡ್ನಿಗೆ ಬಂದು ಉಪ್ಪಿನಕಾಯಿ ಹಾಕಿದೆವು. ಉಪ್ಪಿನಕಾಯಿ ಖಾಲಿಯಾಯಿತು. ನಾನು ಹೇಳಲಿಲ್ಲ.

ಆಮೇಲೆ ಬಂತು ದಶಕದ ಕೊನೆಯ ಆ ದೊಡ್ಡ ಸುದ್ದಿ. ಈ ಸಲ ಅಮೆರಿಕದ ಅಧ್ಯಕ್ಷರದ್ದೇ. ಜಗತ್ತೆಲ್ಲ ಅದೊಂದನ್ನೇ ಮಾತಾಡುತ್ತಿತ್ತು. ಪತ್ರಿಕೆ ಓದುತ್ತಾ ಕೂತವನಿಗೆ, ಇಲ್ಲಿ ಇಬ್ಬರು ಬೇರೆ ಬೇರೆ ಹೆಂಗಸರಿದ್ದಾರೆ ಎಂದು ಹೊಳೆಯಿತು. ಒಬ್ಬಾಕೆ ತನಗೆ ಬೇಡದ್ದು ನಡೆಯಿತೆಂದು ಹಿಂದೆಯೇ ದಾವೆ ಹೂಡಿದ್ದವರು. ಅಧ್ಯಕ್ಷರು ಅದನ್ನು ಅಲ್ಲಗಳೆದಿದ್ದರು. ಇನ್ನೊಬ್ಬಳು ಅವರ ಕಚೇರಿಯಲ್ಲಿದ್ದ ಚಿಕ್ಕ ವಯಸ್ಸಿನವಳು. ತನ್ನ ಮನಸ್ಸಿನಿಂದಲೇ ಆದದ್ದು ಎಂದವಳು. ಊಟದ ಸಾಲಿನಲ್ಲಿ ಎರಡಕ್ಕೂ ಒಂದೇ ನಗು, ಒಂದೇ ಪದ. ಆ ಪದ ಕೊಟ್ಟವನು ನಾನು. ಮೊದಲ ಬಾರಿಗೆ ಆ ಪದಕ್ಕೇ ನನಗೆ ನಾಚಿಕೆಯಾಯಿತು. ಅಷ್ಟು ವರ್ಷದ ಮೇಲೆ ಕಾಗದದ ಮೇಲೆ 'ಕಿರುಕುಳ' ಎಂದು ಬರೆದೆ, ಹೊಡೆದು ಹಾಕಲಿಲ್ಲ.

ಭಾನುವಾರ ಬೆಳಗ್ಗೆ ಓದತೊಡಗಿದೆ. ನಾಲಿಗೆ ಒಣಗಿತ್ತೋ, ಕಣ್ಣು ಸಾಲು ಹಾರಿತೋ, 'ಅಮೆರಿಕದ' ಎಂಬ ಪದ ಬಿಟ್ಟುಹೋಯಿತು.

"ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆಪಾದನೆ. ದೂರು ಕೊಟ್ಟ ಮಹಿಳೆಯ ಪ್ರಕಾರ..."

ಕನ್ನಡದಲ್ಲಿ ಅಮೆರಿಕಕ್ಕೂ ಅಧ್ಯಕ್ಷರು, ಸಿಡ್ನಿಯ ಕೂಟಕ್ಕೂ ಅಧ್ಯಕ್ಷರು. ನಮ್ಮ ಶ್ರೋತೃಗಳು ದಿನಬೆಳಗಾದರೆ ಅಧ್ಯಕ್ಷರು ಎಂದು ಯಾರನ್ನು ಕರೆಯುತ್ತಿದ್ದರೋ ಅವರನ್ನೇ ಅರ್ಥ ಮಾಡಿಕೊಂಡರು. ಹಾಡು ಹಾಕಿದ ಕೂಡಲೇ ಫೋನಿನ ದೀಪ ಮಿನುಗತೊಡಗಿತು. ಮೊದಲ ಕರೆ ಒಬ್ಬ ಹೆಂಗಸಿನದು, ಹೆಸರು ಹೇಳಲಿಲ್ಲ. "ಕೊನೆಗೂ ಹೇಳಿದ್ರಲ್ಲ, ಪುಣ್ಯ ಬರ್ಲಿ ನಿಮ್ಗೆ" ಎಂದವರು ಅತ್ತುಬಿಟ್ಟು ಫೋನ್ ಇಟ್ಟರು. ಹಾಗಾದರೆ ಕುಮುದ ಒಬ್ಬರೇ ಅಲ್ಲ.

ಎರಡನೆಯ ಕರೆ ಅಧ್ಯಕ್ಷರದ್ದೇ.

"ಯಾರ್ರೀ ನಿಮಗೆ ಫೋನ್ ಮಾಡಿದ್ದು? ಮೆಲ್ಬೋರ್ನಿಂದಾನಾ? ಏನ್ ಹೇಳಿದ್ಲು ಅವಳು?"

"ಸಾರ್, ನಾನು ಓದಿದ್ದು ಅಮೆರಿಕದ ಅಧ್ಯಕ್ಷರ ಸುದ್ದಿ."

ತಾವು ಏನು ಹೇಳಿಬಿಟ್ಟೆವು ಎನ್ನುವುದು ಅವರಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಕೊನೆಗೆ ಮೆತ್ತಗಿನ ದನಿಯಲ್ಲಿ, "ಜನ ತಪ್ಪು ತಿಳ್ಕೊಂಡಿದಾರೆ. ಸರಿ ಮಾಡಿ" ಎಂದರು.

ಹಾಡು ಮುಗಿಯುತ್ತಿತ್ತು. ನಿಮಗೇ ಕಾಣುತ್ತಿದೆಯಲ್ಲ, ದೇವರು ಇದಕ್ಕಿಂತ ಸುಲಭವಾಗಿ ಯಾರಿಗೂ ಅವಕಾಶ ಕೊಡುವುದಿಲ್ಲ. ಮೈಕು ನನ್ನ ಮುಂದೆ. ಅವರೆಲ್ಲ ಕೇಳುತ್ತಿದ್ದಾರೆ. ಕೊಟ್ಟ ಮಾತು ನೆನಪಿದೆ. ನಾನೇನೂ ಮಾಡಬೇಕಾಗಿರಲಿಲ್ಲ, ಸುಮ್ಮನಿದ್ದಿದ್ದರೂ ಸಾಕಿತ್ತು. ಕೆಂಪು ದೀಪ ಹತ್ತಿತು.

"ಶ್ರೋತೃಗಳ ಗಮನಕ್ಕೆ. ಈಗಷ್ಟೇ ಓದಿದ ವಾರ್ತೆ ಅಮೆರಿಕದ ಅಧ್ಯಕ್ಷರಿಗೆ ಸಂಬಂಧಿಸಿದ್ದು. ನಮ್ಮ ಮಾನ್ಯ ಅಧ್ಯಕ್ಷರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಅವರಿಗೆ ಆದ ನೋವಿಗೆ ಕ್ಷಮೆ ಕೋರುತ್ತೇನೆ."

ಮನೆಗೆ ಬಂದಾಗ ಅಡುಗೆಮನೆಯ ರೇಡಿಯೋ ಬಂದ್ ಆಗಿತ್ತು. ಗಿರಿಜ ಬೀನ್ಸ್ ನಾರು ತೆಗೆಯುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಕ್ಷಮೆ ಕೇಳಾಕ್ ಚೆಂದಾಗೇ ಬರ್ತೈತಿ ನಿಮಗೆ. ವಿಳಾಸ ತಪ್ಪೈತಿ, ಅಷ್ಟೇ."

ಆ ವರ್ಷವೇ ವಾರ್ತೆ ಓದುವುದನ್ನು ಬಿಟ್ಟೆ. ಗಂಟಲು ಸರಿಯಿಲ್ಲ ಎಂದೆ. ಎಲ್ಲರೂ ಶುಂಠಿ ಕಷಾಯ ಹೇಳಿಕೊಟ್ಟರು.

ಈಗ ರೌಸ್ ಹಿಲ್‌ನಲ್ಲಿ ಮಗಳ ಮನೆಯ ಹಿಂದಿನ ಪುಟ್ಟ ಮನೆಯಲ್ಲಿ ನಾವಿಬ್ಬರೂ ಸುಖವಾಗಿದ್ದೇವೆ. ಬೆಳಗ್ಗೆ ಕಾಫಿ, ಹಿತ್ತಲಿನ ಗಿಡ, ಸಂಜೆ ನಡಿಗೆ. ನನಗೆ ಸಿಗಬೇಕಾದದ್ದಕ್ಕಿಂತ ಹೆಚ್ಚೇ ಸಿಕ್ಕಿದೆ. ಅಧ್ಯಕ್ಷರು ತೀರಿಕೊಂಡು ಕೆಲವು ವರ್ಷಗಳಾದವು. ಶ್ರದ್ಧಾಂಜಲಿ ಸಭೆಯಲ್ಲಿ ನನ್ನನ್ನೂ ಮಾತಾಡಲು ಕರೆದರು. ಸ್ಟೇಷನ್ ವ್ಯಾಗನ್ನಿನ ಬಗ್ಗೆ ಹೇಳಿ ಇಳಿದೆ. ಟೀವಿಯಲ್ಲಿ ಅಮೆರಿಕದಿಂದ ಇಂಥ ಸುದ್ದಿ ಇನ್ನೂ ಬರುತ್ತಲೇ ಇರುತ್ತದೆ. ಮುಖಗಳು ಬೇರೆ, ಮೇಜು ಅದೇ. ಈಗ ಗಿರಿಜ ಎದ್ದು ಹೋಗುವುದಿಲ್ಲ. ನನ್ನ ಪಕ್ಕ ಕೂತು ಪೂರ್ತಿ ನೋಡುತ್ತಾಳೆ, ನಾನೂ ನೋಡುತ್ತೇನೆ.

ಹೆಡ್‌ಫೋನ್ ಹಾಕಿಕೊಂಡ ಆ ವಾರವೇ ಕೂಟದ ಯುಗಾದಿ ಸಂಚಿಕೆಯ ಸಂಪಾದಕಿ ಫೋನ್ ಮಾಡಿದಳು. "ಅಂಕಲ್, ರೇಡಿಯೋ ಡೇಸ್ ಬಗ್ಗೆ ಏನಾದ್ರೂ ಬರ್ದುಕೊಡಿ, ಸ್ವಲ್ಪ ಫನ್ನಿಯಾಗಿ." ಆ ಸಂಚಿಕೆ ಓದುವವರು ಯಾರೆಂದು ನನಗೆ ಗೊತ್ತು. ಹೊಸಬರು ಇದ್ದಾರೆ, ಸಂತೋಷ. ಆದರೆ ಅಂದು ಆ ಶಾಲೆಯ ಹಾಲಿನಲ್ಲಿ ಕೂತು ನಕ್ಕವರೂ ಇದ್ದಾರೆ. ಕನ್ನಡಕ ಒರೆಸಿಕೊಂಡು ಇದನ್ನು ಓದುತ್ತಿದ್ದೀರಿ, ಅಲ್ಲವೇ? ನಿಮ್ಮ ಮುಂದೆಯೇ ಹೇಳಬೇಕಾಗಿತ್ತು, ಹೇಳುತ್ತಿದ್ದೇನೆ. ಅಂದು ನಾನು ಸರಸ ಎಂದದ್ದು ಸುಳ್ಳು. ಸರಸಕ್ಕೆ ಇಬ್ಬರು ಬೇಕು. ಅಲ್ಲಿ ಒಬ್ಬರು ಬೇಡ ಎನ್ನುತ್ತಿದ್ದರು. ನೀವು ನಕ್ಕಿರಿ ಎಂದು ನಿಮ್ಮನ್ನು ದೂರುತ್ತಿಲ್ಲ. ನಗದೇ ಇರಲಾಗದಂತೆ ಹೇಳುವುದೇ ನನ್ನ ಕಸಬಾಗಿತ್ತು.

ಬರೆದು ಮುಗಿಸಿ ಮೆಲ್ಬೋರ್ನಿನ ಕ್ರೇಗಿಬರ್ನ್‌ಗೆ ಫೋನ್ ಮಾಡಿದೆ. ಕುಮುದ ಈಗ ಅಲ್ಲಿದ್ದಾರೆ, ನಿವೃತ್ತಿಯಾಗಿದೆ. ಪೂರ್ತಿ ಓದಿ ಹೇಳಿದೆ, ಮೆಲ್ಲಗೆ, ಮನೆಯ ಮಾತಿನಲ್ಲಿ. ಅವರು ನಡುವೆ ಬಾಯಿ ಹಾಕಲಿಲ್ಲ, ಬಿಸಿಬೇಳೆಬಾತಿನ ಹತ್ತಿರ ಮಾತ್ರ ನಕ್ಕರು.

"ಶಾಂತಾ ಅಂದ್ರೆ ಯಾರು?" ಎಂದರು ಕೊನೆಗೆ.

"ನೀವೇ ಕಣಮ್ಮ. ಯಾರಿಗೂ ಗೊತ್ತಾಗದೆ ಇರಲಿ ಅಂತ ಹೆಸರು ಬದಲಾಯಿಸಿದೀನಿ."

"ಶಾಂತಾ! ನಾನ್ಯಾವತ್ರೀ ಶಾಂತವಾಗಿದ್ದೆ?" ಜೋರಾಗಿ ನಕ್ಕರು. ನಗು ನಿಂತ ಮೇಲೆ ಹೇಳಿದರು: "ಹೆಸರು ಮುಚ್ಚಿಡೋ ಅಂಥದ್ದು ನಾನೇನ್ ಮಾಡಿದೀನಿ? ಅಂದು ಎದ್ದು ನಿಂತಿದ್ದು ನಾನು. ನನ್ನ ಹೆಸರು ಹಾಕಿ."

ಅಡುಗೆಮನೆಯ ಮೇಜಿನ ಮೇಲೆ ಹಾಳೆಗಳನ್ನು ಹರಡಿಕೊಂಡು, ಶಾಂತಾ ಇದ್ದಲ್ಲೆಲ್ಲ ಹೊಡೆದು ಹಾಕುತ್ತಾ ಬಂದೆ. ಗಿರಿಜ ಪಕ್ಕದಲ್ಲಿ ನಿಂತು ಬಿಟ್ಟುಹೋದ ಕಡೆ ಬೆರಳಿಟ್ಟು ತೋರಿಸಿದಳು. ಅವರ ಹೆಸರು ಕುಮುದ. ಅವರು ಹೇಳಿದ್ದನ್ನು ನಾನು ಅಂದೇ ನಂಬಿದ್ದೆ.